ಕೆನಡಾಕ್ಕೆ ಅರ್ಜಿ ಹಾಕಲು ತಕ್ಕ ವಯಸ್ಸು

ಮನುಷ್ಯ ಯಾವ ವಯಸ್ಸಿನಲ್ಲಿ ಏನು ಮಾಡಬೇಕು ಎನ್ನುವುದನ್ನು ನಮ್ಮ ಸೀಮೆಯಲ್ಲಿ ಬಹುಮಟ್ಟಿಗೆ ಬೇರೆಯವರೇ ತೀರ್ಮಾನಿಸಿಬಿಡುತ್ತಾರೆ. ಯಾವಾಗ ಕಿವಿ ಚುಚ್ಚಿಸಬೇಕು ಎನ್ನುವುದು ಅಜ್ಜಿಗೆ ಗೊತ್ತು. ಯಾವಾಗ ಶಾಲೆಗೆ ಸೇರಿಸಬೇಕು ಎನ್ನುವುದು, ಮನೆಯಲ್ಲಿ ನಮ್ಮ ಕಾಟ ತಡೆಯಲಾರದ ದಿನ ಅಮ್ಮನಿಗೆ ತಾನಾಗಿ ಹೊಳೆಯುತ್ತದೆ. ಮದುವೆಯ ವಯಸ್ಸನ್ನು ಹೆಣ್ಣು ಹೆತ್ತವರು ನೋಡಿಕೊಳ್ಳುತ್ತಾರೆ, ನಿವೃತ್ತಿಯ ವಯಸ್ಸನ್ನು ಸರ್ಕಾರ ನೋಡಿಕೊಳ್ಳುತ್ತದೆ. ಇವೆರಡರ ನಡುವೆ ಮಾತ್ರ ಸುಮಾರು ವರ್ಷ ಯಾರೂ ನಮಗೆ ಏನೂ ಹೇಳುವುದಿಲ್ಲ. ಸ್ವಂತ ಬುದ್ಧಿಯಿಂದ ನಿರ್ಧಾರ ಮಾಡಬೇಕಾದ ಆ ಅವಧಿಯಲ್ಲೇ ನನ್ನಂಥವರು ಸಿಕ್ಕಿಬೀಳುವುದು. ನಾನು ಸಿಕ್ಕಿಬಿದ್ದದ್ದು ಕೆನಡಾ ದೇಶದ ವಿಷಯದಲ್ಲಿ.

ನಾನು ಮಂಡ್ಯದ ಒಂದು ತರಬೇತಿ ಶಾಲೆಯಲ್ಲಿ ಲೇತ್ ಯಂತ್ರದ ಕೆಲಸ ಕಲಿಸುವ ಮೇಷ್ಟ್ರು. ಕಬ್ಬಿಣದ ಸರಳನ್ನು ಯಂತ್ರಕ್ಕೆ ಕಚ್ಚಿಸಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಕಡೆಯುವುದನ್ನು ಹುಡುಗರಿಗೆ ಹೇಳಿಕೊಡುತ್ತೇನೆ. ಕಬ್ಬಿಣದ ವಿಷಯದಲ್ಲಿ ನನಗಿರುವ ಈ ಖಚಿತತೆ ಬೇರೆ ಯಾವ ವಿಷಯದಲ್ಲೂ ಇಲ್ಲವೆಂದು ನನ್ನ ಹೆಂಡತಿ ಸರೋಜ ಹೇಳುತ್ತಾಳೆ. ಅವಳು ಇಲ್ಲಿನ ದೊಡ್ಡಾಸ್ಪತ್ರೆಯಲ್ಲಿ ನರ್ಸು. ಮಳವಳ್ಳಿಯವಳು. ಜ್ವರ ಎಷ್ಟು ಎಂದು ಕೇಳಿದರೆ ಜ್ವರ ಎಷ್ಟೋ ಅಷ್ಟನ್ನೇ ಹೇಳುವ ಜಾತಿ. ಒಬ್ಬಳೇ ಮಗಳು ವಸಂತ, ಅಮ್ಮನನ್ನೇ ಹೋಲುತ್ತಾಳೆ.

ಒಂದು ಬೇಸಿಗೆಯಲ್ಲಿ, ನನ್ನ ಬಳಿ ಹಿಂದೆ ಕಲಿತಿದ್ದ ಶಿಷ್ಯನೊಬ್ಬ ಕೆನಡಾದಿಂದ ರಜೆಗೆ ಬಂದವನು ನನ್ನನ್ನು ನೋಡಲು ಶಾಲೆಗೆ ಬಂದ. ಅದೇ ತಿಂಗಳು, ನನ್ನ ಬಳಿಯೇ ಕಲಿತಿದ್ದ ಇನ್ನೊಬ್ಬ ಶಿಷ್ಯ ನನಗೇ ಮೇಲಧಿಕಾರಿಯಾಗಿ ಬಂದು ಕುಳಿತಿದ್ದ. ಅವನು ನನ್ನನ್ನು ಬಾಯಿತುಂಬ ಸಾರ್ ಎಂದು ಕರೆಯುತ್ತಾ ನನ್ನ ರಜೆ ಅರ್ಜಿಗಳನ್ನು ತಿರಸ್ಕರಿಸುತ್ತಿದ್ದ. ಹೀಗಾಗಿ ದೂರ ದೇಶದ ಮಾತು ಕಿವಿಗೆ ಬೀಳಲು ಅದು ಪ್ರಶಸ್ತವಾದ ಕಾಲವಾಗಿತ್ತು. "ನಿಮ್ಮಂಥ ಕೈ ಇದ್ದೋರು ಅಲ್ಲಿಗೆ ಬೇಕು ಸಾರ್. ಕಾಯಂ ಆಗಿ ಇರೋಕೆ ಕರ್ಕೊಳ್ತಾರೆ. ಮಾರ್ಕ್ಸ್ ಹಾಕಿ ಆರಿಸ್ಕೊಳ್ತಾರೆ. ಕಸುಬಿಗಿಷ್ಟು, ಓದಿಗಿಷ್ಟು, ಇಂಗ್ಲಿಷ್‌ಗಿಷ್ಟು ಅಂತ," ಎಂದ ಕೆನಡಾದವನು. ನಾನು ನೆಟ್ಟಗೆ ಕುಳಿತೆ. "ವಯಸ್ಸಿಗೂ ಇದೆ ಸಾರ್. ಮೂವತ್ತೈದರವರೆಗೆ ಪೂರ್ತಿ ಕೊಡ್ತಾರೆ. ಆಮೇಲೆ ವರ್ಷಕ್ಕೊಂದು ಕಡಿಮೆ ಮಾಡ್ಕೊಂಡು ಹೋಗ್ತಾರೆ," ಎಂದು ಸೇರಿಸಿ, ನನ್ನ ತಲೆಯ ಕಡೆ ಒಮ್ಮೆ ನೋಡಿ, ನೋಡಬಾರದಿತ್ತೇನೋ ಎಂಬಂತೆ ಕಿಟಕಿಯ ಕಡೆ ನೋಡಿದ.

ಆಗ ದಾಖಲೆಯ ಪ್ರಕಾರ ನನಗೆ ಮೂವತ್ತೇಳು. ಅಂದರೆ ಆ ಬೆಳಿಗ್ಗೆ ಕಾಫಿ ಕುಡಿಯುವ ಹೊತ್ತಿಗೆ ಇಲ್ಲದಿದ್ದ ದೇಶವೊಂದು ಮಧ್ಯಾಹ್ನದ ಊಟದ ಹೊತ್ತಿಗೆ ನನಗೆ ಸಿಕ್ಕಿತ್ತು, ಸಿಕ್ಕ ಗಳಿಗೆಯಲ್ಲೇ ಅಲ್ಲಿ ನನಗೆ ಎರಡು ಅಂಕ ನಷ್ಟವೂ ಆಗಿತ್ತು. ಅದುವರೆಗೆ ನನ್ನ ಹುಟ್ಟುಹಬ್ಬವನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡವನಲ್ಲ. ಅಂದಿನಿಂದ ಅದು ಹತ್ತಿರ ಬಂದರೆ ಮೈಮೇಲೆ ಮುಳ್ಳೇಳುತ್ತಿತ್ತು. ಮಗಳು ಪಾಯಸ ಮಾಡೋಣವೇ ಎಂದು ಕೇಳಿದರೆ, ಯಾರೋ ತೀರಿಕೊಂಡ ಮನೆಯಲ್ಲಿ ಪಾಯಸದ ಮಾತೆತ್ತಿದಂತೆ ಅವಳನ್ನು ನೋಡುತ್ತಿದ್ದೆ.

ಹಾಗಿದ್ದರೆ ಅಂದೇ ಅರ್ಜಿ ಹಾಕಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಸರೋಜನೂ ಕೇಳಿದಳು. ಆದರೆ ನಾನು ವಿಚಾರ ಮಾಡುವ ಮನುಷ್ಯ. ನನ್ನ ಇಂಗ್ಲಿಷ್ ಲೇತ್ ಯಂತ್ರದ ಸುತ್ತ ಒಂದು ಗಜದವರೆಗೆ ಚೆನ್ನಾಗಿ ಓಡಾಡುತ್ತದೆ, ಅದರಾಚೆಗೆ ಕುಂಟುತ್ತದೆ. ಇಂಗ್ಲಿಷ್ ಸುಧಾರಿಸಿಕೊಂಡು ಹಾಕಿದರೆ ಅಲ್ಲಿ ಎರಡು ಅಂಕ ಹೆಚ್ಚು ಸಿಗುತ್ತದಲ್ಲ ಎಂದು ನನ್ನ ಎಣಿಕೆ. ದಿನಾ ಬೆಳಿಗ್ಗೆ ರೇಡಿಯೋದಲ್ಲಿ ಇಂಗ್ಲಿಷ್ ವಾರ್ತೆ ಹಾಕಿಕೊಂಡು, ಮುಖ ಕ್ಷೌರ ಮಾಡಿಕೊಳ್ಳುತ್ತಾ ವಾರ್ತೆ ಓದುವವರ ಜೊತೆಜೊತೆಗೇ ಹೇಳತೊಡಗಿದೆ. ಗಲ್ಲ ಎರಡು ಮೂರು ಕಡೆ ಕೊಯ್ದುಕೊಂಡಿತೇ ಹೊರತು ನಾಲಿಗೆ ತಿರುಗಲಿಲ್ಲ. ಎರಡು ಅಂಕದ ಇಂಗ್ಲಿಷ್ ಕಲಿಯಲು ನನಗೆ ಎರಡು ವರ್ಷ ಬೇಕು, ಅಷ್ಟರಲ್ಲಿ ವಯಸ್ಸಿನ ಕಡೆಯಿಂದ ಎರಡು ಅಂಕ ಹೋಗಿರುತ್ತದೆ ಎಂಬುದನ್ನು ವಸಂತ ಒಂದು ದಿನ ಸ್ಲೇಟು ಬಳಪದ ಅಗತ್ಯವೂ ಇಲ್ಲದೆ ತೋರಿಸಿಕೊಟ್ಟಳು. ನಾನು ರೇಡಿಯೋ ಆರಿಸಿ ಮತ್ತೆ ವಿಚಾರಕ್ಕೆ ಕುಳಿತೆ.

ಇದರ ನಡುವೆ ಸರೋಜನ ತಂಗಿಯ ಮದುವೆ ಬಂತು. ಮದುವೆಯಲ್ಲಿ ಮಳವಳ್ಳಿಯ ನನ್ನ ಅತ್ತೆಗೆ ಈ ವಿಷಯ ತಿಳಿಯಿತು. ಅವರು ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಹಟಕ್ಕಾದರೂ ಹಾಕಿಬಿಡುತ್ತಿದ್ದೆನೋ ಏನೋ. "ಹಾಕಿ ಅಳಿಯಂದ್ರೆ, ಒಳ್ಳೇದೇ. ಆದ್ರೆ ಇನ್ನೇನು ಆಷಾಢ ಬಂತು, ಆಗ ಯಾರಾದ್ರೂ ದೂರದ ಕೆಲ್ಸ ಹಿಡೀತಾರಾ? ಅದು ಕಳೀಲಿ," ಎಂದರು. ಆಷಾಢ ಕಳೆಯಿತು. ಶ್ರಾವಣದಲ್ಲಿ ಮನೆತುಂಬ ಹಬ್ಬ, ಮೇಜಿನ ಮೇಲೆ ಒಂದು ಕಾಗದ ಹರಡಲು ಜಾಗವಿಲ್ಲ. ಆಮೇಲೆ ಪಿತೃಪಕ್ಷ, ಹಿರಿಯರು ಮನೆಗೆ ಬರುವ ಹೊತ್ತಿನಲ್ಲಿ ನಾವು ದೇಶ ಬಿಡುವ ಅರ್ಜಿ ಬರೆಯುವುದು ಚೆನ್ನಾಗಿರುವುದಿಲ್ಲ. ಧನುರ್ಮಾಸದಲ್ಲಿ ಹೊಸ ಕೆಲಸ ಕೂಡದು. ಇವೆಲ್ಲ ಕಳೆದು ನಿಷ್ಕಳಂಕವಾದ ಒಂದು ಹದಿನೈದು ದಿನ ಸಿಕ್ಕಿತು. ಆಗ ನನಗೆ ನೆಗಡಿಯಾಯಿತು. ಈ ತಿಥಿ ನಕ್ಷತ್ರಗಳಲ್ಲಿ ನನಗೆ ನಂಬಿಕೆ ಇದೆಯೆಂದು ತಿಳಿಯಬೇಡಿ. ನನಗೆ ಅವುಗಳಲ್ಲಿ ಇರುವುದು ನಂಬಿಕೆಯಲ್ಲ, ಕೃತಜ್ಞತೆ.

ದಾಖಲೆಯ ನಲವತ್ತು ಹೀಗೆ ತುಂಬಿತು. ಆಗಲೇ ತಿಮ್ಮೇಗೌಡ ಒಂದು ಹೊಸ ದಾರಿ ತೋರಿಸಿದ್ದು. ತಿಮ್ಮೇಗೌಡ ನಮ್ಮ ಶಾಲೆಯಲ್ಲೇ ಕರೆಂಟಿನ ಕೆಲಸ ಕಲಿಸುವವನು, ಕೊಪ್ಪದವನು. ಬೆಳಿಗ್ಗೆ ಕಬ್ಬಿನ ಗದ್ದೆಗೆ ನೀರು ಕಟ್ಟಿ, ಮದ್ದೂರಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಬರುತ್ತಾನೆ. ಪಾಠಕ್ಕೆ ನಿಂತಾಗಲೂ ಕಾಲಿನಲ್ಲಿ ಸ್ವಲ್ಪ ಕೆಸರಿರುತ್ತದೆ. ನನ್ನ ಸಂಕಟವನ್ನೆಲ್ಲ ಕೇಳಿಸಿಕೊಂಡು ಬೀಡಿ ಹಚ್ಚಿ ಹೇಳಿದ: "ಅಲ್ಲ ಕಣ್ಲಾ ಪುಟ್ಸಾಮಿ, ನಿನ್ ವಯಸ್ಸು ಇಷ್ಟೇ ಅಂತ ಯಾರ್ ಏಳಿದ್ರು ನಿಂಗೆ?"

"ದಾಖಲೇಲಿ ಇದೆಯಲ್ಲೋ."

"ದಾಕಲೆ. ನಮ್ ಕಾಲ್ದಾಗೆ ಮೇಷ್ಟ್ರು ಐಕ್ಳ ಮೊಕ ನೋಡಿ ಬಾಯಿಗ್ ಬಂದಿದ್ದ ಬರ್ಕತಿದ್ರು. ನಂದ್ನೆ ಮೂರೊರ್ಸ ಎಚ್ಚಿಗೆ ಬರೆದವ್ರೆ. ನಿಂದೂ ಅಂಗೇ ಆಗಿರ್ತದೆ. ನಿಮ್ಮೂರ್ಗೋಗಿ ಹಿರೇರ ಕೇಳ್ಲಾ. ಎರಡೊರ್ಸ ಕಮ್ಮಿ ಆಯ್ತು ಅಂದ್ರೆ ಎರಡ್ ಮಾರ್ಕು ಎಚ್ಚು ಬಂತು."

ನನಗೆ ಅವನನ್ನು ಅಪ್ಪಿಕೊಳ್ಳಬೇಕು ಎನ್ನಿಸಿತು. ಇಷ್ಟು ವರ್ಷ ಇಂಗ್ಲಿಷ್ ಕಲಿತು ಅಂಕ ಗಳಿಸಲು ಹೊರಟಿದ್ದೆನಲ್ಲ, ಸುಮ್ಮನೆ ಚಿಕ್ಕವನಾಗಿಬಿಟ್ಟರೆ ಸಾಕು ಎಂಬುದು ಹೊಳೆದಿರಲೇ ಇಲ್ಲ. ಆ ಭಾನುವಾರವೇ ಕೊತ್ತತ್ತಿಯ ಬಸ್ಸು ಹತ್ತಿದೆ. ಅದು ನಾನು ಹುಟ್ಟಿದ ಊರು. ಅಲ್ಲಿ ನನ್ನ ಸೋದರತ್ತೆ ನಿಂಗಮ್ಮ ಇದ್ದಾರೆ. ನಾನು ಹುಟ್ಟುವಾಗ ಅಮ್ಮನ ಪಕ್ಕದಲ್ಲಿದ್ದವರು, ಬಹಳ ಗಟ್ಟಿ ಹೆಂಗಸು. ಬಸ್ಸಿನ ಕನ್ನಡಿಯಲ್ಲಿ ನನ್ನ ಮುಖ ಕಾಣಿಸುತ್ತಿತ್ತು. ಮೂವತ್ತೆಂಟು ಎಂದರೆ ಯಾರೂ ಆಕ್ಷೇಪಿಸುವಂತಿರಲಿಲ್ಲ. ಕೆನ್ನೆಯಲ್ಲಿ ಒಂದು ಬಗೆಯ ಹುಡುಗತನ ಇತ್ತು.

ನಿಂಗಮ್ಮತ್ತೆ ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. "ಬಾ ಮಗಾ ಪುಟ್ಟ," ಎಂದು ಒಂದು ಹಿಡಿ ಕಾಯಿ ನನ್ನ ಮುಂದೂ ಹಾಕಿದರು. ನಾನೂ ಸುಲಿಯುತ್ತಾ, ವಿಷಯಕ್ಕೆ ನೇರವಾಗಿ ಬಂದೆ ಎಂದು ಅನ್ನಿಸದ ಹಾಗೆ ಬಂದೆ. ನಾಲೆಯ ನೀರು ನಮ್ಮ ಗದ್ದೆಗೆ ಬಂದ ವರ್ಷವೇ ನಾನು ಹುಟ್ಟಿದ್ದೆಂದು ಅಪ್ಪ ಎಲ್ಲರಿಗೂ ಹೇಳುತ್ತಿದ್ದ. ದಾಖಲೆಯಲ್ಲಿರುವುದೂ ಅದೇ ವರ್ಷ. ನಿಜವಾಗಿ ಅದಾದ ಎರಡು ವರ್ಷಕ್ಕೆ ಹುಟ್ಟಿದ್ದಿರಬಹುದೇ ಎಂದು ಕೇಳಿದೆ.

ಅತ್ತೆ ಕೈ ನಿಲ್ಲಿಸಿ ನನ್ನನ್ನು ನೋಡಿದರು. "ನಾಲೆ ನೀರ್ ಬಂದಾಗ ನೀನು ಓಡಾಡ್ತಿದ್ದೆ ಕಣ್ ಮಗಾ. ಓಡೋಗಿ ಅದರೊಳೀಕೆ ಬಿದ್ದು, ನಾನೇ ಜುಟ್ಟಿಡಿದು ಎತ್ಕಂಡೆ. ಹುಟ್ಟೇ ಇಲ್ದೋನು ಎಂಗ್ಲಾ ಬೀಳ್ತೀಯ?"

"ಅದು ಬೇರೆ ಯಾರಾದ್ರೂ ಇರಬೋದು, ಅತ್ತೆ."

"ಬ್ಯಾರೆ ಯಾರ್ ಬೀಳ್ತಾರೆ? ನಮ್ಮಟ್ಟೀಲಿ ಅಂಥಾ ಕೆಲ್ಸ ಮಾಡ್ತಿದ್ದೋನು ನೀನೊಬ್ನೇ. ಇಸ್ಕೂಲ್ಗೆ ಸೇರ್ಸೋವಾಗ ನೀನು ಪೀಚಾಗಿದ್ದೆ. ಅದ್ಕೆ ನಿಮ್ಮಪ್ಪ ಮೇಷ್ಟ್ರುಗೆ ಏಳಿ ಎರಡೊರ್ಸ ಕಮ್ಮಿ ಬರೆಸ್ದ. ಯಾಕೆ ಮಗಾ, ಇಷ್ಟ್ ದಿನ ಇಲ್ದೋನು ಈಗ್ಯಾಕ್ ಕೇಳ್ತಿದ್ದೀಯ?"

ಸುಮ್ಮನೆ ಕೇಳಿದೆ ಎಂದೆ. ಉಳಿದ ಅವರೆಕಾಯಿ ಸುಲಿದು, ಮುದ್ದೆ ಸಾರು ಉಂಡು ಹೊರಟೆ. ಕೊತ್ತತ್ತಿಗೆ ಹೋಗುವಾಗ ನಲವತ್ತಾಗಿದ್ದವನು ಬರುವಾಗ ನಲವತ್ತೆರಡಾಗಿದ್ದೆ. ಬಸ್ಸಿನ ಕನ್ನಡಿಯ ಕಡೆ ನೋಡಲಿಲ್ಲ. ಅರ್ಜಿಗೆ ಬೇಕಾದದ್ದು ದಾಖಲೆಯ ವಯಸ್ಸೇ, ಅದರಿಂದ ಅಂಕವೇನೂ ಕಡಿಮೆಯಾಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಅದು ನನ್ನ ಮಂಡಿಗೆ ಗೊತ್ತಿರಲಿಲ್ಲ. ಮಂಡ್ಯದಲ್ಲಿ ಬಸ್ಸಿಳಿಯುವಾಗಲೇ ಅದು ನೋಯತೊಡಗಿತು.

ಮನೆಗೆ ಬಂದು ಸರೋಜನಿಗೆ ಹೇಳಿದೆ. ಅವಳು ಮಧ್ಯಾಹ್ನದ ಡ್ಯೂಟಿ ಮುಗಿಸಿ ಬಂದು ಬಿಳಿ ಸೀರೆಯಲ್ಲೇ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟು ನಕ್ಕಳು. ಸಾಕಷ್ಟು ಹೊತ್ತು ನಕ್ಕಳು. "ಹಾಗಾದ್ರೆ ನಮ್ಮಪ್ಪ ಹುಡುಗ ಚಿಕ್ಕವನು ಅಂತ ಒಪ್ಪಿದ್ದು ನಿಮ್ಮಪ್ಪನ ಜಾಣತನಕ್ಕೆ," ಎಂದಳು. ಕಣ್ಣೊರೆಸಿಕೊಂಡ ಮೇಲೆ, ಸೊಪ್ಪಿನ ಬೆಲೆ ಕೇಳುವಷ್ಟೇ ಸಾಧಾರಣವಾಗಿ ಇನ್ನೊಂದು ಮಾತು ಕೇಳಿದಳು. "ಅಲ್ಲಾ ರೀ, ಅವರಿಗೆ ನರ್ಸುಗಳು ಬೇಡ್ವಂತಾ?"

ನಾನು ಅದನ್ನು ಯಾರನ್ನೂ ಕೇಳಿರಲಿಲ್ಲ. ಮೂರು ವರ್ಷ ಕೆನಡಾವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ್ದೆನಾದರೂ ಈ ಮೂಲೆಯಿಂದ ನೋಡಿರಲಿಲ್ಲ. ಆದರೆ ಅವಳು ಕೇಳಿಕೊಂಡಿದ್ದಳು. ಆಸ್ಪತ್ರೆಯಲ್ಲಿ ಅವಳ ಜೊತೆ ಕೆಲಸ ಮಾಡುತ್ತಿದ್ದ ಕೇರಳದ ಹೆಣ್ಣುಮಗಳೊಬ್ಬಳು ಹಿಂದಿನ ವರ್ಷವೇ ಅಲ್ಲಿಗೆ ಹೋಗಿದ್ದಳಂತೆ. ಸರೋಜನಿಗೆ ಮೂವತ್ತಮೂರು, ವಯಸ್ಸಿನ ಅಂಕ ಪೂರ್ತಿ. ನರ್ಸಿಂಗ್ ಓದಿದ್ದು ಇಂಗ್ಲಿಷಿನಲ್ಲೇ, ಡಾಕ್ಟರುಗಳ ಜೊತೆ ಜಗಳವಾಡುವುದೂ ಇಂಗ್ಲಿಷಿನಲ್ಲೇ. ನಾನು ಕೆನಡಾಕ್ಕಾಗಿ ಯೋಗ್ಯ ಮನುಷ್ಯನನ್ನು ಹುಡುಕುತ್ತಾ ಮನೆಯಲ್ಲೇ ಅವಳನ್ನು ದಾಟಿಕೊಂಡು ಓಡಾಡುತ್ತಿದ್ದೆ.

"ನಾನು ಹಾಕ್ಲಾ?" ಎಂದಳು.

ಇಲ್ಲಿ ನನ್ನ ಮನಸ್ಸಿನಲ್ಲಾದದ್ದನ್ನು ಇದ್ದಂತೆ ಹೇಳಬೇಕು. ಸಂತೋಷವಾಗಲಿಲ್ಲ. ಅದುವರೆಗೆ ಕೆನಡಾ ಎಂದರೆ ನಾನು ಹೋಗಬಹುದಾದ, ಆದ್ದರಿಂದ ಹೋಗದೆಯೂ ಇರಬಹುದಾದ ದೇಶವಾಗಿತ್ತು. ಮೇಲಧಿಕಾರಿ ರಜೆ ಕೊಡದಿದ್ದ ದಿನ ಮನಸ್ಸಿನಲ್ಲೇ ಅಲ್ಲಿಗೆ ಹೋಗಿ ಸಂಜೆಗೆ ವಾಪಸು ಬರುತ್ತಿದ್ದೆ. ಸರೋಜ ಹಾಕಿದರೆ ಅದು ನಿಜವಾಗಿಬಿಡುತ್ತದೆ. "ಅವಸರ ಬೇಡ. ಯೋಚನೆ ಮಾಡೋಣ. ಈಗ ಬೇರೆ ಧನುರ್ಮಾಸ," ಎಂದೆ.

"ನೀವು ಯೋಚಿಸ್ತಿರಿ. ನಾನು ನಾಳೆ ಡ್ಯೂಟಿಗೆ ಹೋಗೋ ದಾರೀಲಿ ಪೋಸ್ಟ್ ಮಾಡ್ತೀನಿ," ಎಂದು ಅವಳು ಮೊರ ಎತ್ತಿಕೊಂಡಳು.

ಮಾಡಿಯೇಬಿಟ್ಟಳು. ಅದೂ ರಾಹುಕಾಲದಲ್ಲಿ. ಅಂಚೆ ಡಬ್ಬಿಯಿಂದ ಕಾಗದ ಎತ್ತುವುದು ಆ ಹೊತ್ತಿಗೇ ಎನ್ನುವುದು ಅವಳ ಪಂಚಾಂಗ. ಅರ್ಜಿಯಲ್ಲಿ ನಾನೂ ಇದ್ದೆ. ಅರ್ಜಿದಾರಳನ್ನು ಆಶ್ರಯಿಸಿ ಬದುಕುವವರು ಎಂಬ ಜಾಗದಲ್ಲಿ, ವಸಂತಳಿಗಿಂತ ಒಂದು ಸಾಲು ಮೇಲೆ. ತಿಮ್ಮೇಗೌಡನಿಗೆ ಇದು ಹೇಗೋ ತಿಳಿಯಿತು. "ಏನ್ಲಾ ಪುಟ್ಸಾಮಿ, ಎಂಡ್ತಿ ಸೆರಗಿಡ್ಕಂಡು ಇಮಾನ ಅತ್ತೀಯಂತೆ. ಇರ್ಲಿ ಬುಡು, ಕೈ ಮಾತ್ರ ಬುಡಬ್ಯಾಡ, ಜನ ಜಾಸ್ತಿ ಇರ್ತಾರೆ," ಎಂದು ಇಡೀ ಕಾರ್ಯಾಗಾರಕ್ಕೆ ಕೇಳಿಸುವ ಹಾಗೆ ಹೇಳಿದ. ಆಮೇಲೆ, ಬಸ್ಸಿಗೆ ಕಾಯುವಾಗ, ಬೇರೆ ದನಿಯಲ್ಲಿ ಹೇಳಿದ: "ಓಗ್ಲಾ. ನಂಗೆ ಗದ್ದೆ ಐತೆ, ಬುಡೋಕಾಗಕಿಲ್ಲ. ನಿಂಗೇನೈತೆ, ಬರೀ ಯೋಚ್ನೆ. ಅದ್ನ ಎಲ್ಲಿಗ್ ಬೇಕಾರೂ ಹೊತ್ಕಂಡೋಗ್ಬೋದು."

ಕೆಲವು ತಿಂಗಳ ನಂತರ ದೆಹಲಿಗೆ ಸಂದರ್ಶನಕ್ಕೆ ಕರೆ ಬಂತು. ಮೂವರೂ ರೈಲಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ನಾನು ಒಂದು ಭಾಷಣ ಸಿದ್ಧ ಮಾಡಿಕೊಂಡೆ. ಲೋಹದ ಕೆಲಸದಲ್ಲಿ ನನ್ನ ಅನುಭವ, ಮುಂದಿನ ಜನಾಂಗವನ್ನು ತಯಾರು ಮಾಡುವ ನನ್ನ ಉತ್ಸಾಹ, ಚಳಿಯ ಬಗ್ಗೆ ನನಗಿರುವ ಗೌರವ, ಎಲ್ಲ ಇತ್ತು. ಸರೋಜ ಕಿಟಕಿಯ ಹೊರಗೆ ನೋಡುತ್ತಾ ಕಡಲೆಕಾಯಿ ತಿನ್ನುತ್ತಿದ್ದಳು. ನಡುವೆ ಒಮ್ಮೆ, ನಿನಗೆ ಹೆದರಿಕೆ ಆಗುವುದಿಲ್ಲವೇ, ಅಷ್ಟು ದೂರ, ಗುರುತು ಪರಿಚಯ ಇಲ್ಲದ ಜನ ಎಂದು ಕೇಳಿದೆ. ಅವಳು ಸಿಪ್ಪೆಯನ್ನು ಕಾಗದದಲ್ಲಿ ಮಡಿಸಿಟ್ಟಳು.

"ಇಪ್ಪತ್ತೊಂದು ವರ್ಷಕ್ಕೆ ಮಳವಳ್ಳಿ ಬಿಟ್ಟು ನಿಮ್ಮನೆಗೆ ಬಂದೆ. ನಿಮ್ಮನ್ನ ಅದಕ್ಕೆ ಮುಂಚೆ ನೋಡಿದ್ದು ಒಂದೇ ಸಲ, ಅದೂ ತಲೆ ಬಗ್ಗಿಸ್ಕೊಂಡು. ನಿಮ್ಮಮ್ಮನ ಅಡಿಗೆಮನೇಲಿ ಉಪ್ಪು ಎಲ್ಲಿದೆ ಅಂತ ಕೇಳೋಕೂ ಹೆದರ್ತಿದ್ದೆ. ಅದಕ್ಕಿಂತ ದೂರನಾ ಕೆನಡಾ? ಆಗ ನಂಗ್ಯಾರೂ ಮಾರ್ಕ್ಸ್ ಕೊಡ್ಲಿಲ್ಲ ಕಣ್ರೀ. ಇವರಾದ್ರೂ ಕೊಡ್ತಾರೆ."

ನಾನು ಕಡಲೆಕಾಯಿ ಪೊಟ್ಟಣವನ್ನು ಅವಳ ಕಡೆ ಸರಿಸಿದೆ. ಹನ್ನೆರಡು ವರ್ಷದ ಸಂಸಾರದಲ್ಲಿ ಉಪ್ಪಿನ ವಿಷಯ ನನಗೆ ಅವತ್ತೇ ತಿಳಿದದ್ದು.

ಸಂದರ್ಶನ ಮಾಡಿದವರು ನಡುವಯಸ್ಸಿನ ಒಬ್ಬ ಬಿಳಿಯ ಅಧಿಕಾರಿ. ಅವರು ಸರೋಜನನ್ನು ಬಹಳ ಹೊತ್ತು ಮಾತನಾಡಿಸಿದರು. ಯಾವ ವಾರ್ಡು, ಎಷ್ಟು ರೋಗಿಗಳು, ರಾತ್ರಿ ಡಾಕ್ಟರಿಲ್ಲದಾಗ ಏನು ಮಾಡುತ್ತೀರಿ ಎಂದೆಲ್ಲ ಕೇಳಿದರು. ಅವಳು ಕೇಳಿದ್ದಕ್ಕೆ ಕೇಳಿದಷ್ಟು ಹೇಳಿದಳು. ಕೊನೆಗೆ ಅವರು ನನ್ನ ಕಡೆ ತಿರುಗಿ, ನೀವು ಯಾಕೆ ಕೆನಡಾಕ್ಕೆ ಬರಬೇಕು ಎಂದುಕೊಂಡಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಭಾಷಣಕ್ಕೆ ಬಾಗಿಲು ತೆರೆದಂತಾಯಿತು. ಬಾಯಿ ತೆರೆದೆ. ಲೋಹವೂ ಇಲ್ಲ, ಮುಂದಿನ ಜನಾಂಗವೂ ಇಲ್ಲ, ಎಲ್ಲ ಯಾವುದೋ ಸ್ಟೇಷನ್ನಿನಲ್ಲಿ ಇಳಿದುಹೋಗಿದ್ದವು. ನನ್ನ ಹೆಂಡತಿ ಹೋಗುತ್ತಿದ್ದಾಳೆ ಸಾರ್, ಎಂದೆ. ಅಷ್ಟೇ. ಆ ವಾಕ್ಯದಲ್ಲಿ ವ್ಯಾಕರಣದ ತಪ್ಪು ಒಂದೂ ಇರಲಿಲ್ಲವೆಂದು ವಸಂತ ಆಮೇಲೆ ಹೇಳಿದಳು. ಅಧಿಕಾರಿ ನಕ್ಕು ಏನೋ ಬರೆದುಕೊಂಡರು. ಹೊರಗೆ ಬಂದ ಮೇಲೆ ಸರೋಜ, "ಇಷ್ಟು ವರ್ಷದಲ್ಲಿ ಈ ವಿಷಯಕ್ಕೆ ನೀವು ಆಡಿದ ನೇರವಾದ ಮಾತು ಇದೊಂದೇ," ಎಂದು ನಮ್ಮಿಬ್ಬರಿಗೂ ಟೀ ಕೊಡಿಸಿದಳು.

ಒಪ್ಪಿಗೆ ಬಂತು. ಇಂತಿಷ್ಟು ತಿಂಗಳೊಳಗೆ ಹೋಗಿ ಇಳಿಯಬೇಕು ಎಂದಿತ್ತು. ಉಳಿದದ್ದೆಲ್ಲ ಅವಳೇ ಮಾಡಿದ್ದಳಾದ್ದರಿಂದ, ಪಾಪ ಎಂದುಕೊಂಡಳೋ ಏನೋ, ಹೊರಡುವ ದಿನ ಗೊತ್ತು ಮಾಡುವ ಕೆಲಸವೊಂದನ್ನು ನನಗೆ ಬಿಟ್ಟಳು. ನಾನು ಕ್ಯಾಲೆಂಡರು ಇಳಿಸಿಕೊಂಡು ಕುಳಿತೆ. ಒಂದು ವಾರ ಕುಳಿತೆ. ಮುಂದಿನ ಶನಿವಾರ ಅವಳು ಮೈಸೂರಿಗೆ ಹೋಗಿ ಉಣ್ಣೆಯ ಕೋಟು ತಂದಳು. ಒಂದು ಅವಳಿಗೆ, ಒಂದು ಮಗಳಿಗೆ. ನನ್ನದೆಲ್ಲಿ ಎಂದು ಕೇಳಿದೆ. "ನೀವು ಯಾವಾಗ ಬರ್ತೀರೋ ಗೊತ್ತಿಲ್ವಲ್ಲ. ಅಷ್ಟರಲ್ಲಿ ಅಳತೆ ಬದಲಾದ್ರೆ ಅಂತ ತರಲಿಲ್ಲ," ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ನನಗೆ ಭಯವಾದದ್ದು ಅದಕ್ಕೇ. ಕೋಪವಿಲ್ಲದ ಹೆಂಗಸು ಹೊರಟೇ ಹೋಗುತ್ತಾಳೆ.

ಆ ಸಂಜೆಯೇ ಬಟ್ಟೆ ಕೊಂಡು ಪೇಟೆಬೀದಿಯ ದರ್ಜಿಗೆ ಅಳತೆ ಕೊಟ್ಟೆ. ಬರುವ ಗುರುವಾರ ಕೊಡ್ತೀನಿ ಸಾರ್ ಎಂದ. ಹೇಳಿದ ದಿನಕ್ಕೆ ಬಟ್ಟೆ ಕೊಟ್ಟ ಚರಿತ್ರೆಯೇ ಇಲ್ಲದವನು ಎಂದು ಅವನು ಊರಿಗೆಲ್ಲ ಹೆಸರಾಗಿದ್ದ. ಎದುರು ಬದುರಿಗೇ ಇನ್ನೂ ಮೂವರು ಚುರುಕಾದ ದರ್ಜಿಗಳಿದ್ದರೂ ನನ್ನ ಕಾಲು ಇವನ ಅಂಗಡಿಯನ್ನೇ ಯಾಕೆ ಹತ್ತಿತು ಎನ್ನುವುದನ್ನು ನಾನು ಮನೆಯಲ್ಲಿ ಚರ್ಚಿಸಲಿಲ್ಲ.

ಗುರುವಾರ ಸಂಜೆ ಕೋಟು ಮನೆಗೆ ಬಂತು. ಸರೋಜ ಡ್ಯೂಟಿ ಮುಗಿಸಿಕೊಂಡು ಬರುವಾಗ ಅವನ ಅಂಗಡಿಯ ಬೆಂಚಿನ ಮೇಲೆ ಕುಳಿತು, ಕೊನೆಯ ಗುಂಡಿ ಹೊಲಿಸುವವರೆಗೂ ಏಳದೆ, ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದಳು. ಬಿಚ್ಚಿ ನನ್ನ ಹೆಗಲಿಗೆ ಏರಿಸಿ, ಒಂದು ಸುತ್ತು ಬಂದು ನೋಡಿ, "ಸರಿಯಾಗಿದೆ. ಬರೋ ಸೋಮವಾರ ಹೊರಡೋಣ," ಎಂದಳು. ನಾನು ಕ್ಯಾಲೆಂಡರನ್ನು ಮೊಳೆಗೆ ಸಿಕ್ಕಿಸಿದೆ.

ಇವತ್ತು ಶನಿವಾರ. ಮಂಡ್ಯದಲ್ಲಿ ಬಿಸಿಲು ಕಾಯುತ್ತಿದೆ. ಮನೆಯ ಪಾತ್ರೆಗಳೆಲ್ಲ ಮಳವಳ್ಳಿಗೆ ಹೋಗಿವೆ, ಕುರ್ಚಿಯೊಂದು ಮಾತ್ರ ಉಳಿದಿದೆ. ಅದರಲ್ಲಿ ಕುಳಿತು, ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಬೆವರು ಕಾಗದದ ಮೇಲೆ ಬೀಳದಂತೆ ಒರೆಸಿಕೊಳ್ಳುತ್ತಾ ಇದನ್ನು ಬರೆಯುತ್ತಿದ್ದೇನೆ. ಸೆಖೆಯಲ್ಲಿ ಇದೇನು ಹುಚ್ಚು, ಬಿಚ್ಚಿಡಬಾರದೇ ಎಂದು ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು ಕೇಳಿಹೋದರು. ಬಿಚ್ಚಬಹುದು. ಆದರೆ ತಣ್ಣನೆ ಗಾಳಿ ಮೈಗೆ ಸೋಕಿತೆಂದರೆ ನಾನು ಮತ್ತೆ ಯೋಚನೆ ಮಾಡಲು ಶುರುಮಾಡಿಬಿಡುತ್ತೇನೆ.